ಮಾಳಿಗೆಗೆ ಮಣ್ಣು ಹಾಕುವವರು

ಗಂಗಾವತಿಯಿಂದ ಪಶ್ಚಿಮಕ್ಕೆ ಹೊರಟರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವಷ್ಟು ದೂರ ಭತ್ತದ ಗದ್ದೆ, ಅದು ಮುಗಿದಲ್ಲಿಂದ ಗುಂಡುಗಲ್ಲುಗಳ ಗುಡ್ಡ. ಅಂಥದೊಂದು ಗುಡ್ಡದ ಇಳಿಜಾರಿನಲ್ಲಿ, ಬಂಡೆಗಳ ಸಂದಿಗಳನ್ನೇ ನಿವೇಶನಗಳನ್ನಾಗಿ ಮಾಡಿಕೊಂಡು, ಕೆಲವರು ತಾವೇ ಮನೆ ಕಟ್ಟಿಕೊಂಡು ಬದುಕುತ್ತಿದ್ದಾರೆ. ಅವರಲ್ಲಿ ಚಿತ್ರ ಬರೆಯುವವರಿದ್ದಾರೆ, ಕೊಳಲು ನುಡಿಸುವವರಿದ್ದಾರೆ, ಬಂಡೆ ಹತ್ತುವ ಹುಚ್ಚಿಗೆ ಬಂದು ಇಲ್ಲಿಯೇ ಉಳಿದುಬಿಟ್ಟವರಿದ್ದಾರೆ, ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಮಡಕೆ ಮಾಡಲು ಕುಳಿತ ದಂಪತಿಯಿದ್ದಾರೆ, ಧಾರವಾಡದ ಕಡೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರಿದ್ದಾರೆ. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಮುಂದಿನ ಶನಿವಾರವೇ ಗುಡ್ಡದ ಬುಡದಲ್ಲಿ ಕಾರುಗಳು ನಿಲ್ಲುತ್ತವೆ ಎಂಬುದು ಅವರ ಭಯ. ವಾರಾಂತ್ಯದಲ್ಲಿ ಸಾಣಾಪುರದ ಕೆರೆಯ ದಂಡೆಯನ್ನು ಕಂಡವರಿಗೆ ಆ ಭಯ ಅತಿಯಾಯಿತೆಂದು ಅನ್ನಿಸಲಾರದು.

ಗಂಗಾವತಿಯ ಚಹಾದಂಗಡಿಗಳಲ್ಲಿ ಇವರನ್ನು ‘ಹಿಪ್ಪಿಗಳು’ ಎಂದು ಕರೆದು ಮಾತು ಮುಗಿಸುತ್ತಾರೆ. ಅವರ ಉಡುಗೆ, ಉದ್ದ ಕೂದಲು, ಯಾರಿಗೆ ಮದುವೆಯಾಗಿದೆ ಯಾರಿಗೆ ಆಗಿಲ್ಲ ಎಂಬ ಲೆಕ್ಕ, ಹುಣ್ಣಿಮೆಯ ರಾತ್ರಿಯ ಹಾಡು, ಇವೆಲ್ಲ ಊರಿನ ಮಾತಿಗೆ ಸಾಕಷ್ಟು ಸರಕು ಒದಗಿಸುತ್ತವೆ. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ನಾನು ಮಾಳಿಗೆ ಮನೆಯಲ್ಲಿ, ಎಂದರೆ ಮೇಲೆ ಮಣ್ಣು ಹೊದಿಸಿದ ಸಮತಟ್ಟಾದ ಚಾವಣಿಯ ಮನೆಯಲ್ಲಿ, ಹುಟ್ಟಿ ಬೆಳೆದವನು, ಈಗ ಪಾಲಿಟೆಕ್ನಿಕ್ ಹುಡುಗರಿಗೆ ಕಟ್ಟಡ ನಿರ್ಮಾಣ ಕಲಿಸುವವನು. ಆದ್ದರಿಂದ ನಾನು ಆ ಗುಡ್ಡಕ್ಕೆ ಹೋದಾಗಲೆಲ್ಲ ಮೊದಲು ನೋಡುವುದು ಮಾಳಿಗೆಯನ್ನು. ಯಾರು ಅಲ್ಲಿ ಉಳಿಯುತ್ತಾರೆ, ಯಾರು ಮುಂದಿನ ವರ್ಷ ಕಾಣಿಸುವುದಿಲ್ಲ ಎಂಬುದನ್ನು ಅವರ ತತ್ವಜ್ಞಾನಕ್ಕಿಂತ ಅವರ ಮಾಳಿಗೆಯೇ ಚೆನ್ನಾಗಿ ಹೇಳುತ್ತದೆ ಎಂಬುದು ಹಲವು ಮಳೆಗಾಲಗಳನ್ನು ನೋಡಿದ ಮೇಲೆ ನಾನು ತಲುಪಿದ ತೀರ್ಮಾನ.

ಮೊದಲು ಬಂಡೆಯ ವಿಷಯ ಹೇಳಬೇಕು. ಈ ಗುಡ್ಡಗಳ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ನೆಲದೊಳಗೆ ಇದ್ದಾಗಲೇ ಬಿರುಕುಗಳ ಉದ್ದಕ್ಕೂ ನೀರಿಳಿದು, ಮೂಲೆಗಳು ಸವೆದು, ಮೇಲಿನ ಮಣ್ಣು ಕೊಚ್ಚಿಹೋದ ನಂತರ ಉಳಿದ ಗುಂಡುಗಳೇ ಈಗ ಒಂದರ ಮೇಲೊಂದು ಕುಳಿತಿವೆ. ಹೊರಗಿನಿಂದ ಬಂದವರಿಗೆ ಮೊದಲ ನೋಟದಲ್ಲೇ ಮರುಳು ಹಿಡಿಸುವುದು ಬಂಡೆಯನ್ನೇ ಒಂದು ಗೋಡೆಯಾಗಿ ಬಳಸಿಕೊಳ್ಳುವ ಆಸೆ. ಮೂರು ಕಡೆ ಗೋಡೆ ಕಟ್ಟಿದರೆ ಸಾಕು, ನಾಲ್ಕನೆಯದನ್ನು ಪ್ರಕೃತಿಯೇ ಕೊಟ್ಟಿದೆ ಎಂಬ ಲೆಕ್ಕ ಕಾಗದದ ಮೇಲೆ ಸೊಗಸಾಗಿಯೇ ಕಾಣುತ್ತದೆ. ಆದರೆ ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಪಡುವಣ ದಿಕ್ಕಿನ ಬಂಡೆ ತನ್ನ ಶಾಖವನ್ನು ನಡುರಾತ್ರಿಯವರೆಗೂ ಬಿಡುತ್ತಲೇ ಇರುತ್ತದೆ. ಆ ಊರಿನ ಹಿರಿಯ ಗೌಂಡಿಯೊಬ್ಬರು ಇದನ್ನು ಮೊದಲ ದಿನವೇ ಅವರಿಗೆ ಹೇಳಿದ್ದರು: “ಬಂಡಿಗೆ ಬೆನ್ನ ಹಚ್ಚಿ ಮನಿ ಕಟ್ಟಬ್ಯಾಡ್ರಿ ಸರ, ಬ್ಯಾಸಗ್ಯಾಗ ಉರಿಯೋ ಒಲಿ ಮುಂದ ಮಲಗಿದಂಗ ಆಕ್ಕತಿ.” ಕೇಳಿದವರು ಬಂಡೆಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಓಡಾಡುವಷ್ಟು ಸಂದು ಬಿಟ್ಟರು, ಬಂಡೆಯ ನೆರಳನ್ನು ಮಾತ್ರ ತೆಗೆದುಕೊಂಡರು. ಕೇಳದವರು ಬೇಸಿಗೆಯ ರಾತ್ರಿಗಳನ್ನು ಅಂಗಳದ ಹೊರಸಿನ ಮೇಲೆ ಕಳೆಯುತ್ತಾರೆ. ಆ ಸಂದಿನಿಂದ ಇನ್ನೊಂದು ಉಪಕಾರವೂ ಇದೆ: ಮಳೆ ಬಂದಾಗ ಹಾಸುಬಂಡೆ ಒಂದು ಹನಿಯನ್ನೂ ಹೀರುವುದಿಲ್ಲ, ಬಿದ್ದ ನೀರೆಲ್ಲ ರಭಸದಿಂದ ಕೆಳಗಿಳಿಯುತ್ತದೆ, ಅದು ಮನೆಯೊಳಗೆ ಬಾರದೆ ಸುತ್ತುಹಾಕಿ ಹೋಗಲು ಒಂದು ದಾರಿ ಬೇಕಾಗುತ್ತದೆ.

ಗೋಡೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸೈಜುಗಲ್ಲು, ಮಣ್ಣಿನ ಗಾರೆ, ಒಂದೂವರೆ ಅಡಿ ದಪ್ಪ. ಕೆಲವರು ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆದ ಇಟ್ಟಿಗೆಯನ್ನು ಬಳಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಈ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿತು, ಅದನ್ನು ನಾನು ತರಗತಿಯಲ್ಲಿ ಕಲಿಸುತ್ತೇನೆ. ಕಲಿತ ಹುಡುಗರು ಹೊರಗೆ ಹೋಗಿ ಸಿಮೆಂಟ್ ಬ್ಲಾಕಿನ ಮನೆ ಕಟ್ಟಿಸುತ್ತಾರೆ ಎಂಬುದು ಬೇರೆಯ ಮಾತು.

ಮಾಳಿಗೆಯ ಕಥೆ ಹಾಗಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಸೀಳಿದ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು ಇಲ್ಲವೇ ಆಪುಹುಲ್ಲಿನ ಚಾಪೆ, ಆಮೇಲೆ ಹದವಾಗಿ ಕಲಸಿದ ಕೆಂಪು ಮಣ್ಣು, ಕೊನೆಗೆ ಸವಳು ಮಣ್ಣಿನ ಹೊದಿಕೆ. ನೀರು ಹರಿದು ಹೋಗಲು ಒಂದು ಕಡೆಗೆ ಕಂಡೂ ಕಾಣದ ಇಳಿಜಾರು, ಅದರ ತುದಿಯಲ್ಲಿ ಹರನಾಳಿಗೆ, ನಡುವೆ ಬೆಳಕಿಗೊಂದು ಗವಾಕ್ಷಿ. ಇದರಲ್ಲಿ ನನಗೆ ಅತಿ ಜಾಣತನದ್ದೆಂದು ಕಾಣುವುದು ಸವಳು ಮಣ್ಣು. ಸವಳು ನೆಲದಲ್ಲಿ ಸೋಡಿಯಂ ಅಂಶ ಹೆಚ್ಚಿರುತ್ತದೆ. ಮಳೆನೀರು ಬಿದ್ದೊಡನೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯದೆ ಮೇಲೆಯೇ ಜಾರಿಹೋಗುತ್ತದೆ. ಹೊಲದಲ್ಲಿ ಇದೇ ಗುಣ ಬೆಳೆಯನ್ನು ಹಾಳುಮಾಡುತ್ತದೆ. ಅತಿ ನೀರಾವರಿಯಿಂದ ಸವಳಾದ ಭೂಮಿಗೆ ನಮ್ಮ ಅಚ್ಚುಕಟ್ಟಿನಲ್ಲಿ ಬರವಿಲ್ಲ, ಅದನ್ನು ಸುಧಾರಿಸುವ ಬಗೆಯನ್ನು ಹುಡುಕುವುದು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ಮುಖ್ಯ ಕೆಲಸಗಳಲ್ಲೊಂದು. ರೈತ ಶಪಿಸಿ ಬಿಟ್ಟ ಆ ಮಣ್ಣನ್ನು ಟ್ರಾಕ್ಟರಿನಲ್ಲಿ ತುಂಬಿಸಿಕೊಂಡು ಬಂದು ಗುಡ್ಡದವರು ತಲೆಯ ಮೇಲೆ ಹಾಕಿಕೊಳ್ಳುತ್ತಾರೆ.

ಆದರೆ ಇದು ಒಮ್ಮೆ ಹಾಕಿ ಮರೆತುಬಿಡುವ ಕೆಲಸವಲ್ಲ. ರೋಹಿಣಿ ಮಳೆಗೆ ಮುಂಚೆ, ತಡವಾದರೆ ಮೃಗಶಿರಾ ಹುಟ್ಟುವುದರೊಳಗೆ, ಮಾಳಿಗೆ ಹತ್ತಿ ಕಳೆದ ವರ್ಷ ಮೊಳೆತ ಹುಲ್ಲನ್ನು ಬೇರುಸಹಿತ ಕೀಳಬೇಕು, ಇಲಿ ತೋಡಿದ ಬಿಲಗಳನ್ನು ಮುಚ್ಚಬೇಕು, ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳಿಗೆ ಮಣ್ಣು ತುಂಬಬೇಕು, ಹೊಸ ಸವಳನ್ನು ಹರಡಿ ಬಡಿಯಬೇಕು. ಮಳೆಗಾಲದಲ್ಲಿ ಸೋರಿದರೆ ರಾತ್ರಿಯೇ ಹತ್ತಿ ಕಾಲಿನಿಂದ ತುಳಿದು ಮುಚ್ಚಬೇಕು. ನಮ್ಮ ಮನೆಯಲ್ಲಿ ಇದು ಅಜ್ಜನ ಕೆಲಸವಾಗಿತ್ತು, ಅವನ ನಂತರ ಯಾರೂ ಹತ್ತಲಿಲ್ಲ, ಆದ್ದರಿಂದ ನಮ್ಮ ಮನೆಗೆ ತಗಡು ಬಂತು. ಕೊಪ್ಪಳ, ರಾಯಚೂರು ಸೀಮೆಯ ಎಷ್ಟೋ ಮಾಳಿಗೆಗಳು ಬಿದ್ದದ್ದು ಹೀಗೆಯೇ. ಅವು ದುರ್ಬಲವಾಗಿದ್ದವೆಂದಲ್ಲ, ಮಳೆಗೆ ಮುಂಚೆ ಮೇಲೆ ಹತ್ತುವ ಒಬ್ಬ ಮನುಷ್ಯ ಮನೆಯಲ್ಲಿ ಇಲ್ಲವಾದನು, ಅಷ್ಟೆ.

ಗುಡ್ಡದ ಜನರು ಈ ಕೆಲಸವನ್ನು ಊರಿನಿಂದಲೇ ಕಲಿತ ಮುಯ್ಯಾಳಿನ ಪದ್ಧತಿಯಲ್ಲಿ ಮಾಡುತ್ತಾರೆ. ಇಂದು ಒಬ್ಬರ ಮಾಳಿಗೆಗೆ ಎಲ್ಲರೂ, ನಾಳೆ ಇನ್ನೊಬ್ಬರ ಮಾಳಿಗೆಗೆ ಎಲ್ಲರೂ. ಯಾರ ಮನೆಯ ಕೆಲಸವೋ ಅವರ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯನ್ನು ಕೆಳಗಿನ ಊರಿನ ಹೆಣ್ಣುಮಕ್ಕಳು ಮಾಡಿಕೊಟ್ಟು ಹಣ ಪಡೆಯುತ್ತಾರೆ. ಆ ನಾಲ್ಕಾರು ದಿನಗಳಲ್ಲಿ ಈ ಸಮುದಾಯದ ನಿಜವಾದ ರೂಪ ಕಾಣುತ್ತದೆ. ಸಹಬಾಳ್ವೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರಲ್ಲಿ ಕೆಲವರಿಗೆ ಸರಿಯಾಗಿ ಆ ವಾರವೇ ಗೋಕರ್ಣದಲ್ಲೋ ಋಷಿಕೇಶದಲ್ಲೋ ಕೆಲಸ ಬಂದಿರುತ್ತದೆ. ನಿವೃತ್ತ ಬ್ಯಾಂಕ್ ನೌಕರರು, ಮಂಡಿ ನೋವಿರುವವರು, ಬುಟ್ಟಿ ತುಂಬಿಸಿಕೊಡಲು ಬೆಳಗಿನ ಆರು ಗಂಟೆಗೇ ಬಂದು ನಿಲ್ಲುತ್ತಾರೆ. ಅವರು ಕವಿತೆ ಬರೆಯುವುದಿಲ್ಲ, ಏನನ್ನೂ ನುಡಿಸುವುದಿಲ್ಲ. ಆದರೂ ಆ ಗುಡ್ಡದಲ್ಲಿ ಸ್ವತಂತ್ರ ಜೀವನ ನಡೆಸುವವರು ಯಾರು ಎಂದು ನನ್ನನ್ನು ಕೇಳಿದರೆ ಮೊದಲು ಅವರ ಕಡೆಗೆ ಕೈ ತೋರಿಸುತ್ತೇನೆ.

‘ನಾವೇ ಕಟ್ಟಿಕೊಂಡ ಮನೆ’ ಎಂಬ ಅವರ ಹೆಮ್ಮೆಯ ಮಾತನ್ನೂ ಸ್ವಲ್ಪ ತಿದ್ದಬೇಕಾಗುತ್ತದೆ. ಬಂಡೆಯನ್ನು ಸೀಳಿ ಸೈಜುಗಲ್ಲು ಮಾಡಿದವರು ಹತ್ತಿರದ ಊರಿನ ಕಲ್ಲು ಒಡೆಯುವವರು. ಉಳಿಯಿಂದ ಸಾಲಾಗಿ ಗುಳಿ ಕೊರೆದು ಬಂಡೆಯನ್ನು ಗೆರೆ ಎಳೆದಂತೆ ಸೀಳುವ ಅವರ ಕ್ರಮದ ಗುರುತುಗಳನ್ನೇ ಆನೆಗೊಂದಿಯ, ಹಂಪಿಯ ಬಂಡೆಗಳ ಮೇಲೆ ವಿಜಯನಗರದ ಕಾಲದವರೂ ಬಿಟ್ಟುಹೋಗಿದ್ದಾರೆ. ತೊಲೆ ಕೂಡಿಸಿದವರು ಬಡಿಗರು, ಮೂಲೆ ತಿದ್ದಿದವರು ಗೌಂಡಿಗಳು. ಗುಡ್ಡದವರು ಮಣ್ಣು ಕಲಸಿದರು, ಕಲ್ಲು ಹೊತ್ತರು, ಕಲಿತರು. ಕಲಿಯುವುದು ಸಣ್ಣ ಕೆಲಸವೇನಲ್ಲ. ಆದರೆ ಗೋಡೆಗಳನ್ನು ಹಲವರ ಕೈಗಳು ಕಟ್ಟಿರುವಾಗ ಒಬ್ಬರ ಹೆಸರು ಮಾತ್ರ ಬಾಗಿಲ ಮೇಲಿರುವುದು ನನಗೆ ಸರಿ ಕಾಣುವುದಿಲ್ಲ. ಇದನ್ನು ಅವರ ಮುಂದೆಯೂ ಹೇಳಿದ್ದೇನೆ. ಒಬ್ಬರು ಸಿಟ್ಟಾದರು, ಒಬ್ಬರು ಕಲ್ಲು ಒಡೆದವರ ಹೆಸರುಗಳನ್ನು ಹೊಸ್ತಿಲ ಪಕ್ಕದ ಕಲ್ಲಿನಲ್ಲಿ ಕೆತ್ತಿಸಿದರು.

ನಿತ್ಯದ ಬದುಕಿನಲ್ಲಿ ಬಣ್ಣಕ್ಕಿಂತ ದುಡಿಮೆಯೇ ಹೆಚ್ಚು. ಬೋರ್‌ವೆಲ್ ಒಂದೇ, ಅದು ಕೆಳಗಿನ ಹೊಲದಲ್ಲಿದೆ, ನೀರು ಪಂಪಿನಿಂದ ಮೇಲೇರಬೇಕು. ವಿದ್ಯುತ್ತಿಗೆ ಸೌರ ಫಲಕಗಳಿವೆ, ಅವುಗಳ ಬ್ಯಾಟರಿ ಕೆಟ್ಟಾಗಲೆಲ್ಲ ಜಗಳವಾಗುತ್ತದೆ. ಚಿರತೆ, ಕರಡಿಗಳಿರುವ ಗುಡ್ಡವಾದ್ದರಿಂದ ಹೊತ್ತು ಮುಳುಗಿದ ಮೇಲೆ ಮಕ್ಕಳನ್ನೂ ನಾಯಿಯನ್ನೂ ಹೊರಗೆ ಬಿಡುವುದಿಲ್ಲ. ಮೊಹರಮ್ಮಿನ ಅಲಾಯಿ ಕುಣಿತಕ್ಕೆ ಇವರು ಊರೊಳಗೆ ಇಳಿದು ಬರುತ್ತಾರೆ. ಊರಿನ ಹುಡುಗರು ಹಲಗೆ ಬಾರಿಸುವುದನ್ನು ಅವರಲ್ಲೊಬ್ಬನಿಗೆ ಕಲಿಸಿದ್ದಾರೆ, ಅವನ ಕೈ ಇನ್ನೂ ತಾಳ ತಪ್ಪುತ್ತದೆ.

ನೆಲದ ಒಡೆತನದ ಪ್ರಶ್ನೆ ಇವೆಲ್ಲದರ ಕೆಳಗೆ ಕುಳಿತಿದೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋಗುವವರೆಗೆ ರೈತರಲ್ಲದವರು ಕೃಷಿಭೂಮಿ ಕೊಳ್ಳುವುದು ಕಷ್ಟವಿತ್ತು. ವಿದೇಶಿಯರಿಗಂತೂ ಇಂದಿಗೂ ಆ ದಾರಿ ಇಲ್ಲ. ಆದ್ದರಿಂದ ಇವರು ಬಂಡೆಯ ಕಾರಣ ಉಳುಮೆಗೆ ಬಾರದ ಜಮೀನನ್ನು ಒಂದು ರೈತ ಕುಟುಂಬದಿಂದ ಲೀಸಿಗೆ ಪಡೆದರು. ಹಂಪಿಯ ಪಾರಂಪರಿಕ ಪ್ರದೇಶದ ಗಡಿಯೊಳಗೆ ಜಾಗ ನೋಡದೆ ಹೊರಗೆ ನೋಡಿದ್ದು ಬೇಕೆಂದೇ. ಆ ಎಚ್ಚರಕ್ಕೆ ಕಾರಣ ವಿರೂಪಾಪುರ ಗಡ್ಡೆ.

ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿ, ಕೊಪ್ಪಳ ಜಿಲ್ಲೆಯ ಮಗ್ಗುಲಿಗೆ ಇರುವ ಆ ಗಡ್ಡೆಯಲ್ಲಿ ಗುಡಿಸಲು, ಅತಿಥಿಗೃಹ, ಉಪಾಹಾರ ಮಂದಿರಗಳು ಬೆಳೆದು ಹೊರದೇಶದ ಪ್ರವಾಸಿಗರ ನೆಚ್ಚಿನ ಠಾವಾಗಿತ್ತು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನದಿಗೆ ಅಡ್ಡಲಾಗಿ ಸೇತುವೆ ಕಟ್ಟತೊಡಗಿದ್ದರಿಂದ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. 29 ಹಳ್ಳಿಗಳನ್ನು ಒಳಗೊಂಡ ಪ್ರದೇಶವನ್ನು ನೋಡಿಕೊಳ್ಳಲು 2002ರ ಕಾಯ್ದೆಯ ಮೂಲಕ ಒಂದು ಪ್ರಾಧಿಕಾರ ಬಂತು. ಗಡ್ಡೆಯ ಕಟ್ಟಡಗಳ ವಿರುದ್ಧ ಉಚ್ಚ ನ್ಯಾಯಾಲಯ 2015ರಲ್ಲಿ ಕೊಟ್ಟ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು, ಮಾರ್ಚ್ ಆರಂಭದಲ್ಲಿ ಅವುಗಳನ್ನು ಕೆಡವಲಾಯಿತು. ಸ್ಮಾರಕಗಳ ನಡುವೆ ಮನಸ್ಸಿಗೆ ಬಂದಂತೆ ಕಟ್ಟಡಗಳು ಏಳಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹರಿಗೋಲು ಹಾಕುತ್ತಿದ್ದವರು, ಅಡುಗೆಯವರು, ಬಟ್ಟೆ ಒಗೆಯುವವರು ಅಲ್ಲಿನ ವ್ಯಾಪಾರವನ್ನೇ ನಂಬಿಕೊಂಡಿದ್ದರು, ಅವರು ಚೇತರಿಸಿಕೊಳ್ಳುವ ಮೊದಲೇ ಲಾಕ್‌ಡೌನ್ ಬಂತು. ಅಲ್ಲಿ ತಿಂಗಳುಗಟ್ಟಲೆ ಉಳಿದು ‘ಇದೇ ನನ್ನ ಮನೆ’ ಎನ್ನುತ್ತಿದ್ದವರು ಬೇರೊಂದು ಕಡಲತೀರ ಹುಡುಕಿಕೊಂಡು ಹೋದರು. ಗುಡಿಸಲಿಗೆ ಹುಲ್ಲು ಹೊದಿಸುತ್ತಿದ್ದವರಿಗೆ ಹೋಗಲು ಬೇರೆ ಊರಿರಲಿಲ್ಲ.

ಇಂಥ ನೆಲೆಗಳ ಕೊನೆ ಎಲ್ಲೆಡೆಯೂ ಬುಲ್‌ಡೋಜರಿನಿಂದಲೇ ಆಗುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಟಮಲ್ಪೈಸ್ ಪರ್ವತದ ಇಳಿಜಾರಿನಲ್ಲಿ, ಮ್ಯೂರ್ ವುಡ್ಸ್ ಕಾಡಿನ ಪಕ್ಕ ಡ್ರೂಯಿಡ್ ಹೈಟ್ಸ್ ಎಂಬ ಜಾಗವಿದೆ. ಕವಯಿತ್ರಿ ಎಲ್ಸಾ ಗಿಡ್ಲೋ 1954ರಲ್ಲಿ ಬಡಗಿಯೂ ಸಂಗೀತಗಾರನೂ ಆದ ರೋಜರ್ ಸೋಮರ್ಸ್ ಕುಟುಂಬದೊಡನೆ ಸೇರಿ ಅಲ್ಲಿ ಐದು ಎಕರೆ ಕೊಂಡರು. ಸೋಮರ್ಸ್ ಮತ್ತು ಇತರರು ನೇರ ಗೆರೆಗಳನ್ನೇ ದ್ವೇಷಿಸುವಂಥ ಮರದ ಮನೆಗಳನ್ನು ಕಟ್ಟಿದರು. ಝೆನ್ ಚಿಂತನೆಯನ್ನು ಪಶ್ಚಿಮಕ್ಕೆ ಹತ್ತಿರ ತಂದ ಅಲನ್ ವಾಟ್ಸ್ 1973ರಲ್ಲಿ ತೀರಿಕೊಂಡದ್ದು ಅಲ್ಲಿಯೇ. ಎಪ್ಪತ್ತರ ದಶಕದಲ್ಲಿ ಆ ನೆಲವನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ವಶಕ್ಕೆ ತೆಗೆದುಕೊಂಡಿತು. ಮನೆಗಳನ್ನು ಯಾರೂ ಕೆಡವಲಿಲ್ಲ, ಇದ್ದವರಲ್ಲಿ ಕೆಲವರಿಗೆ ಬದುಕಿರುವವರೆಗೆ ಇರಲು ಅವಕಾಶವೂ ಸಿಕ್ಕಿತು. ಆದರೆ ಒಬ್ಬೊಬ್ಬರಾಗಿ ಜನ ಇಲ್ಲವಾದಂತೆ ದುರಸ್ತಿ ನಿಂತಿತು, ಹಲವು ಮನೆಗಳು ಸೋರಿ, ಕೊಳೆತು ಶಿಥಿಲವಾದವು. ನನ್ನ ಅಜ್ಜನ ಮಾಳಿಗೆಗೂ ಆ ಮನೆಗಳಿಗೂ ಬಂದ ರೋಗ ಒಂದೇ.

ನಮ್ಮ ಗುಡ್ಡದವರು ನೆಂಟರನ್ನು ಕರೆದುಕೊಂಡು ಹೋಗುವ ಒಂದು ಜಾಗ ಹಿರೇಬೆಣಕಲ್. ಅಲ್ಲಿನ ಬೆಟ್ಟದ ಮೇಲೆ ಗ್ರಾನೈಟ್ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ, ಒಂದು ಬದಿಯಲ್ಲಿ ದುಂಡನೆಯ ಕಿಂಡಿಯಿರುವ ಕಲ್ಲಿನ ಕೋಣೆಗಳಿವೆ. ಬೃಹತ್ ಶಿಲಾಯುಗದ ಇಂಥ ರಚನೆಗಳು ಸುಮಾರು 400 ಇವೆ, ಎರಡು ಸಾವಿರ ವರ್ಷಗಳಿಗಿಂತ ಹಳೆಯವು. ಪುರಾತತ್ವಜ್ಞರ ಪ್ರಕಾರ ಅವು ಸತ್ತವರಿಗಾಗಿ ಕಟ್ಟಿದವು. ಊರಿನವರ ಪ್ರಕಾರ ಅವು ಕುಳ್ಳಗಿದ್ದ ಮೋರ್ಯರು ಎಂಬ ಜನ ವಾಸಕ್ಕಾಗಿ ಕಟ್ಟಿಕೊಂಡ ಮನೆಗಳು. ವಿಜ್ಞಾನದ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಕಥೆ ಹುಟ್ಟಿದ ಬಗೆ ನನಗೆ ಅರ್ಥವಾಗುತ್ತದೆ: ಮಣ್ಣಿಲ್ಲದ, ತೊಲೆಯಿಲ್ಲದ, ಯಾರೂ ವರ್ಷವರ್ಷ ಹತ್ತಬೇಕಾಗಿಲ್ಲದ ಆ ಮಾಳಿಗೆಗಳನ್ನು ಕಂಡು ಸೋರುವ ಮನೆಯ ಯಾವ ಒಡೆಯನಿಗೆ ಹೊಟ್ಟೆಕಿಚ್ಚಾಗದು?

ಅಂಥ ಹೊಟ್ಟೆಕಿಚ್ಚಿನ ಇಂದಿನ ಹೆಸರು ಆರ್‌ಸಿಸಿ ಸ್ಲ್ಯಾಬು. ಗುಡ್ಡದಲ್ಲಿ ಎರಡು ಮನೆಗಳಿಗೆ ಈಗಾಗಲೇ ಸ್ಲ್ಯಾಬು ಬಿದ್ದಿದೆ, ಮೂರನೆಯವರು ಕಬ್ಬಿಣ ತರಿಸಿದ್ದಾರೆ. ಉಳಿದವರು ಇದನ್ನು ದ್ರೋಹವೆಂಬಂತೆ ಮಾತನಾಡುತ್ತಾರೆ. ನಾನು ಹಾಗೆ ಹೇಳಲಾರೆ, ಏಕೆಂದರೆ ಸ್ಲ್ಯಾಬು ಹಾಕಿಸಿದ ಒಬ್ಬಾಕೆ ಅರವತ್ತು ದಾಟಿದವರು, ಒಂಟಿಯಾಗಿರುವವರು, ಹಿಂದಿನ ವರ್ಷ ಮುಯ್ಯಾಳಿಗೆ ಅವರ ಮನೆಗೆ ಬಂದವರು ಇಬ್ಬರೇ. ನಾನು ಸೂಚಿಸಿದ್ದು ನಡುವಿನ ದಾರಿಯೊಂದನ್ನು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದು ಅತ್ಯಲ್ಪ, ಅಲ್ಲಿ ಎಳೆತವನ್ನು ತಾಳುವುದು ಕಬ್ಬಿಣ. ಆದ್ದರಿಂದ ಕಂಬಿಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ಕೂಡಿಸಿದರೆ ಸಿಮೆಂಟೂ ಉಳಿಯುತ್ತದೆ, ಶಾಖವೂ ಕಡಿಮೆಯಾಗುತ್ತದೆ. ತಿರುವನಂತಪುರದ ಗುಡ್ಡವೊಂದರ ಮೇಲೆ ತಮ್ಮ ಮನೆಯನ್ನು ವರ್ಷಗಳ ಕಾಲ ಸ್ವಲ್ಪಸ್ವಲ್ಪವಾಗಿ ಬೆಳೆಸಿಕೊಂಡ ಲಾರಿ ಬೇಕರ್ ಈ ವಿಧಾನವನ್ನು ಕೇರಳದಲ್ಲಿ ಜನಪ್ರಿಯಗೊಳಿಸಿದರು. ಕಬ್ಬಿಣ ತರಿಸಿದವರು ಒಪ್ಪಿಕೊಂಡು ಹೊಸಪೇಟೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಹೆಂಚು ಹುಡುಕುತ್ತಿದ್ದಾರೆ.

ಇಷ್ಟರಲ್ಲಿ ಲೀಸಿನ ಅವಧಿ ಮುಗಿಯುತ್ತ ಬಂದಿದೆ. ಜಮೀನಿನ ಯಜಮಾನರ ಮಗ ಬಿ.ಕಾಂ. ಓದಿದವನು, ರೆಸಾರ್ಟಿನವರು ಕೊಡುವ ಬಾಡಿಗೆ ಎಷ್ಟೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಅವನ ತಂದೆ ಇನ್ನೊಂದು ಅವಧಿಗೆ ಕೊಡಲು ಒಪ್ಪಿದ್ದಾರೆ, ಬಾಡಿಗೆಯನ್ನು ಹೆಚ್ಚಿಸಿ, ಹೊಸ ಷರತ್ತೊಂದನ್ನು ಸೇರಿಸಿ. “ಹೋಗೂಮುಂದ ಮನಿ ಹೆಂಗ ಐತೋ ಹಂಗ ಬಿಟ್ಟ ಹೋಗ್ರಿ, ಖರೇ ಮಾಳಿಗಿ ಸೋರಬಾರದು. ಸೋರಿದ್ರ ಅಡ್ವಾನ್ಸ್ ಕೊಡಂಗಿಲ್ಲ,” ಎಂದಿದ್ದಾರೆ. ಕರಡು ಪತ್ರದಲ್ಲಿ ಆ ಮಾತನ್ನು ಬರೆದುಕೊಟ್ಟವನು ನಾನೇ. ನಿವೃತ್ತ ಬ್ಯಾಂಕ್ ನೌಕರರು ಓದಿ ನೋಡಿ ಅಲ್ಲಿಯೇ ಸಹಿ ಮಾಡಿದರು. ಕೊಳಲು ನುಡಿಸುವವರು ಈ ಷರತ್ತು ತಮ್ಮ ಜೀವನಕ್ರಮಕ್ಕೆ ಹೊಂದುವುದಿಲ್ಲವೆಂದು ಯೋಚಿಸಲು ಸಮಯ ಕೇಳಿದ್ದಾರೆ. ಉಳಿದವರು ಸವಳು ಮಣ್ಣಿನ ಟ್ರಾಕ್ಟರಿಗೆ ಯಾರು ಎಷ್ಟು ಹಾಕಬೇಕೆಂಬ ಲೆಕ್ಕದಲ್ಲಿದ್ದಾರೆ.